ವಸ್ತಿ ಬಸ್ಸಿನ ನಿದ್ದೆ

“ಈಕಿ ಡಿಗ್ರಿ ಮುಗಿಸಿದ್ಲಂದ್ರ ನಮ್ಮ ಗುಡ್ಡದ ಮ್ಯಾಲೆ ಬತ್ತ ಬೆಳೀತದ ತಗೋ” ಎಂದವಳು ನಮ್ಮ ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ. ಹೊಟ್ಟೆಕಿಚ್ಚಿನಿಂದ ಆಡಿದ ಮಾತಲ್ಲ ಅದು, ಕಂಡದ್ದನ್ನು ಆಡಿದ ಮಾತು. ನಮ್ಮ ಗುಡ್ಡದಲ್ಲಿ ಬೆಳೆಯುವುದು ಅದಿರು ಮಾತ್ರ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವರು ಯಾರೂ ಇರಲಿಲ್ಲ. ಅಪ್ಪ ಅದಿರಿನ ಲಾರಿಗಳಿಗೆ ಟಾರ್ಪಾಲು ಕಟ್ಟುತ್ತಿದ್ದ. ನನಗೆ ಸೀಟು ಸಿಕ್ಕ ಕಾಲೇಜು ಹೊಸಪೇಟೆಯಲ್ಲಿ, ನಾವಿದ್ದದ್ದು ಸಂಡೂರು ಗುಡ್ಡದ ಸೆರಗಿನ ಹಳ್ಳಿಯಲ್ಲಿ. ಅಂಥಲ್ಲಿಂದ ಹೋಗಿ ಬಿಎ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಹೇಳಹೊರಟಾಗಲೆಲ್ಲ ಒಬ್ಬರು ನೆನಪಿಗೆ ಬರುತ್ತಾರೆ...

ಕಳೆದ ವಾರವೂ ಹಾಗೇ ಆಯಿತು. ಹೊಸಪೇಟೆಯ ನಿಲ್ದಾಣದಲ್ಲಿ ಒಂದು ಹಳೆಯ ಬಸ್ಸು ಎಂಜಿನ್ ಆರಿಸದೆ ನಿಂತಿತ್ತು. ಡೀಸೆಲ್ ಹೊಗೆ, ಕಾದ ರಬ್ಬರು, ಯಾರದೋ ಬುತ್ತಿಯಿಂದ ಬರುತ್ತಿದ್ದ ಗುರೆಳ್ಳು ಚಟ್ನಿಯ ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ನಾನು ಈಗ ಇದೇ ಊರಿನ ಶಾಲೆಯಲ್ಲಿ ಪಾಠ ಹೇಳುವವಳು. ಬೆಲ್ಲು ಹೊಡೆಯುವ ಹೊತ್ತಾಗಿತ್ತು. ಆದರೂ ಕಾಲು ಅಲ್ಲೇ ನಿಂತವು. ಆ ಬಸ್ಸಿನ ಡ್ರೈವರ್ ಸೀಟಿನ ಕಡೆ ನೋಡಬೇಕು ಅನ್ನಿಸಿತು, ನೋಡಲು ಧೈರ್ಯ ಬರಲಿಲ್ಲ.

ನಮ್ಮೂರಿಗೆ ಬರುತ್ತಿದ್ದದ್ದು ಒಂದೇ ಬಸ್ಸು, ವಸ್ತಿ ಬಸ್ಸು. ಕತ್ತಲಾದ ಮೇಲೆ ಬಂದು ಊರಲ್ಲೇ ರಾತ್ರಿ ಕಳೆದು, ಕೋಳಿ ಕೂಗುವ ಹೊತ್ತಿಗೆ ಹೊಸಪೇಟೆಗೆ ಹೊರಡುವ ಬಸ್ಸು. ಅದು ತಪ್ಪಿದರೆ ಕಾಲೇಜಿಲ್ಲ, ಆಸ್ಪತ್ರೆಯಿಲ್ಲ, ಸಂತೆಯಿಲ್ಲ. ನಾನು ಕಾಲೇಜು ಸೇರಿದ ವರ್ಷದಿಂದ ಅದನ್ನು ಓಡಿಸಿದವರನ್ನು ನಾವೆಲ್ಲ ಡ್ರೈವರ್ ಮಾಮ ಎನ್ನುತ್ತಿದ್ದೆವು. ಕಂಪ್ಲಿಯವರು. ತೆಳ್ಳಗಿನ ಆಳು, ಅದಿರಿನ ಧೂಳು ಕೂತು ಖಾಕಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬಸ್ಸಿಗೆ ಕಂಡಕ್ಟರ್ ಇರಲಿಲ್ಲ. ಟಿಕೆಟ್ ಹರಿಯುವವರೂ ಅವರೇ, ಓಡಿಸುವವರೂ ಅವರೇ. ನಮ್ಮನ್ನು ಹೊಸಪೇಟೆಯಲ್ಲಿ ಇಳಿಸಿದ ಮೇಲೆ ಮನೆಗೆ ಹೋಗಿ ಮಲಗುತ್ತಾರೆ ಅಂದುಕೊಂಡಿದ್ದೆವು. ಒಂದು ದಿನ ಮಧ್ಯಾಹ್ನ ಕಾಲೇಜು ಬಿಟ್ಟು ಬರುವಾಗ ಹಂಪಿ ಬಸ್ಸಿನ ಸ್ಟೀರಿಂಗ್ ಮುಂದೆ ಅವರನ್ನೇ ಕಂಡು ಬೆರಗಾದೆ.

“ಡಿಪೋದಾಗ ಡ್ರೈವರ್ ಹುದ್ದೆ ಖಾಲಿ, ಬಸ್ಸಿನಾಗ ಸೀಟು ಭರ್ತಿ. ನಾ ಏನ್ ಮಾಡ್ಲಿ ಹೇಳು ಬಿಎ ಮೇಡಂ?” ಎಂದು ನಕ್ಕರು.

ಬಿಎ ಮೇಡಂ ಎಂದು ಅವರು ನನ್ನನ್ನು ಕರೆಯತೊಡಗಿದ್ದು ನಾನು ಕಾಲೇಜಿಗೆ ಹೊರಟ ಮೊದಲ ಬೆಳಗ್ಗೆಯೇ. ಇನ್ನೂ ಪುಸ್ತಕ ಕೊಂಡಿರಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ನಕ್ಕಿದ್ದರು, ದೊಡ್ಡವ್ವನಂತೂ ಹೊಟ್ಟೆ ಹಿಡಿದುಕೊಂಡು. ಅವರು ಮಾತ್ರ ನಗದೆ ಗೇರು ಹಾಕಿದ್ದರು.

ವಸ್ತಿ ಬಸ್ಸಿನವರಿಗೆ ರೊಟ್ಟಿ ಹಾಕುವುದು ನಮ್ಮೂರಿನ ಪದ್ಧತಿ. ಮನೆಗೊಂದು ದಿನದ ಪಾಳಿ. ಪಾಳಿ ಬಂದ ಮನೆಯಲ್ಲಿ ಅಂದು ಬದನೆಕಾಯಿ ಎಣ್ಣೆಗಾಯಿ ಆಗಲೇಬೇಕು. ಬರೀ ಚಟ್ನಿ ಕೊಟ್ಟು ಕೈ ತೊಳೆದುಕೊಂಡ ಮನೆಯವರನ್ನು ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದರು. ಶಾಲೆಯ ಪಡಸಾಲೆಯಲ್ಲಿ ಹಗ್ಗ ಹೆಣೆದ ಒಂದು ಹೊರಸು, ಅದರ ಮೇಲೆ ಒಗೆದ ಕೌದಿ. ಅದನ್ನು ಹಾಸುವುದು ದೊಡ್ಡವ್ವನ ಹಕ್ಕು, ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. “ವಸ್ತಿಗೆ ಬಂದ ಮನಷ್ಯಾ ನಮ್ಮೂರ ಹೆಸರು ಹತ್ತೂರಿಗೆ ಒಯ್ತಾನ” ಎನ್ನುತ್ತಿದ್ದಳು. ಕೌದಿ ಹಾಸಿದ್ದನ್ನು ಊರೆಲ್ಲ ನೋಡಿತ್ತು. ಅದರ ಮೇಲೆ ಮಲಗಿದ್ದನ್ನು ನೋಡಿದವರು ಯಾರೂ ಇರಲಿಲ್ಲ, ಅದು ನಮಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ...

ಬಸ್ಸಿನ ಬ್ಯಾಟರಿ ಅರೆಜೀವವಾಗಿತ್ತು. ಎಂಜಿನ್ ಒಮ್ಮೆ ತಣ್ಣಗಾದರೆ ಮತ್ತೆ ಹಿಡಿಯುತ್ತಿರಲಿಲ್ಲ. ಹೊಸ ಬ್ಯಾಟರಿ ಕೇಳಿದರೆ ಡಿಪೋದಲ್ಲಿ, ಆ ಬಾಬ್ತಿಗೆ ದುಡ್ಡು ಬಂದಿಲ್ಲ ಎಂಬ ಉತ್ತರ. ಮೊದಮೊದಲು ಬಸ್ಸನ್ನು ಊರ ಇಳಿಜಾರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬೆಳಗ್ಗೆ ಕಲ್ಲು ತೆಗೆದು ಉರುಳಿಸಿ ಚಾಲೂ ಮಾಡುತ್ತಿದ್ದರು. ಚಳಿಗಾಲದಲ್ಲಿ ಅದಕ್ಕೂ ಬಗ್ಗಲಿಲ್ಲ. ಆಮೇಲೆ ರಾತ್ರಿಯಲ್ಲಿ ಆಗಾಗ ಎದ್ದು ಎಂಜಿನ್ ಓಡಿಸಿ ಬಿಸಿ ಮಾಡತೊಡಗಿದರು. ನಮಗೆ ಆ ಸದ್ದು ರೂಢಿಯಾಗಿಬಿಟ್ಟಿತು. ನಿದ್ದೆಯ ನಡುವೆ ಗುರುಗುರು ಕೇಳಿಸಿದರೆ, ಗಾಡಿ ಐತಿ, ನಾಳೆ ಕಾಲೇಜು ಐತಿ ಎಂದು ಸಮಾಧಾನದಿಂದ ಮಗ್ಗಲು ಬದಲಿಸುತ್ತಿದ್ದೆವು. ಆ ಸದ್ದಿನ ಹತ್ತಿರ ಒಬ್ಬ ಮನುಷ್ಯ ಎಚ್ಚರವಾಗಿ ಕೂತಿದ್ದಾನೆ ಎಂದು ಯಾರೂ ಯೋಚಿಸಲಿಲ್ಲ.

ನಾನು ಎರಡನೇ ವರ್ಷದಲ್ಲಿದ್ದಾಗ ಊರಲ್ಲಿ ಒಂದು ಸುದ್ದಿ ಹಬ್ಬಿತು. ಸಾರಿಗೆ ಇಲಾಖೆ ಖರ್ಚು ಮಾಡಿದ್ದೆಷ್ಟು, ಹುದ್ದೆಗಳು ಭರ್ತಿ ಇದ್ದಾವೋ ಖಾಲಿಯೋ ನೋಡಲು ಶಾಸನಸಭೆಯ ಸಮಿತಿ ಹೊಸಪೇಟೆಗೆ ಬರುತ್ತದೆ, ನಷ್ಟದ ಬಸ್ಸುಗಳನ್ನು ನಿಲ್ಲಿಸುತ್ತಾರೆ ಎಂದು. ವಸ್ತಿ ಬಸ್ಸು ನಿಂತರೆ ನನ್ನ ಓದು ಅಲ್ಲಿಗೇ ಮುಗಿದಂತೆ. ಊರವರು ಸೇರಿ ಅರ್ಜಿ ಬರೆಸಿದರು, ಬರೆದವಳು ನಾನೇ. ಅರ್ಜಿ ಹಿಡಿದು ಹೊರಟವರಲ್ಲಿ ದೊಡ್ಡವ್ವ ಎಲ್ಲರಿಗಿಂತ ಮುಂದೆ. ಹೊರಟದ್ದು ಅದೇ ಬಸ್ಸಿನಲ್ಲಿ. ಡ್ರೈವರ್ ಮಾಮನಿಗೂ ಅಂದು ಸಮಿತಿಯ ಮುಂದೆ ಹಾಜರಾಗಲು ಡಿಪೋದಿಂದ ಹೇಳಿಕಳಿಸಿದ್ದರು.

ದಾರಿಯಲ್ಲಿ ಅವರು ಖುಷಿಯಾಗಿದ್ದರು. “ಬೇಡೋ ದಿನ ಬಂದೈತಿ, ನಾನೂ ಬೇಡ್ಕೊಂತೀನ್ರಿ. ಈ ಗಾಡಿಗೆ ಒಂದು ಬ್ಯಾಟ್ರಿ, ನನ್ನ ಜೋಡಿ ಇನ್ನೊಬ್ಬ ಡ್ರೈವರ್. ಅಷ್ಟಾದ್ರ ವಾರದಾಗ ಎಲ್ಡು ದಿನ ಕಂಪ್ಲಿಗೆ ಹೋಗಿ ಕಾಲು ಚಾಚ್ತೀನಿ.”

“ಬರ್ಲಿ ಬಿಡೋ ಇನ್ನೊಬ್ಬ! ಒಬ್ಬಗ ಹಾಕಿದ ಊರು ಇಬ್ಬರಿಗೆ ಹಾಕಂಗಿಲ್ಲೇನು?” ಎಂದಳು ದೊಡ್ಡವ್ವ. ಅವಳ ಮನಸ್ಸಿನಲ್ಲಿ ಆಗಲೇ ಎರಡನೇ ಹೊರಸು ಬಂದು ಕೂತಿತ್ತು.

ಅತಿಥಿ ಗೃಹದ ಹಾಲ್‌ನಲ್ಲಿ ಸಮಿತಿಯವರು ಕೂತಿದ್ದರು. ಬೆಳಗ್ಗೆ ಹಂಪಿ ನೋಡಿಕೊಂಡು ಬಂದಿದ್ದರಿಂದ ಇಬ್ಬರ ತಲೆಯ ಮೇಲೆ ಇನ್ನೂ ಅಲ್ಲಿ ಕೊಂಡ ಹುಲ್ಲಿನ ಟೋಪಿ. ಆದರೆ ಅಧ್ಯಕ್ಷರು ಆಟಕ್ಕೆ ಬಂದವರಾಗಿರಲಿಲ್ಲ. ವಯಸ್ಸಾದ ಮನುಷ್ಯ, ಮೆಲ್ಲನೆ ಕೇಳುತ್ತಿದ್ದರು. ಬಿಡಿಭಾಗಗಳಿಗೆ ಬಂದ ಹಣ ಎಲ್ಲಿ ಖರ್ಚಾಯಿತು, ಮಂಜೂರಾದ ಡ್ರೈವರ್ ಹುದ್ದೆಗಳಲ್ಲಿ ಎಷ್ಟು ಖಾಲಿ, ಖಾಲಿ ಇದ್ದರೆ ಬಸ್ಸು ಓಡಿಸುತ್ತಿರುವವರು ಯಾರು? ಇಲಾಖೆಯ ಅಧಿಕಾರಿ ಹಾಳೆ ತಿರುವುತ್ತಾ ಬೆವರುತ್ತಿದ್ದರು. “ಇರೋ ಸಿಬ್ಬಂದಿಯಲ್ಲೇ ನಿಭಾಯಿಸ್ತಾ ಇದ್ದೀವಿ ಸರ್” ಎಂಬುದೊಂದೇ ಅವರ ಉತ್ತರ. ಆಗ ಅಧ್ಯಕ್ಷರು ಡ್ರೈವರ್ ಮಾಮನನ್ನು ಎದ್ದು ನಿಲ್ಲಲು ಹೇಳಿದರು.

“ನೀವು ಹಳ್ಳಿಯಲ್ಲಿ ವಸ್ತಿ ಮಾಡ್ತೀರಲ್ಲ, ಅಲ್ಲಿ ಮಲಗೋಕೆ ಜಾಗ ಇದೆಯೇನಪ್ಪ? ನಿದ್ದೆ ಆಗುತ್ತಾ? ಹೆದರಬೇಡಿ, ಇದ್ದದ್ದು ಹೇಳಿ.”

ಡ್ರೈವರ್ ಮಾಮ ತಮ್ಮ ಖಾಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ಸರ್, ಅದು...” ಎಂದು ಬಾಯಿ ತೆರೆದರು.

ಅಷ್ಟರಲ್ಲಿ ದೊಡ್ಡವ್ವ ಎದ್ದಿದ್ದಳು. ಮಲಗೋಕೆ ಜಾಗ ಇದೆಯಾ ಎಂದು ತುಂಬಿದ ಸಭೆಯಲ್ಲಿ ಕೇಳಿದ್ದು ನಮ್ಮೂರಿಗೇ ಮಾಡಿದ ಅವಮಾನದಂತೆ ಅವಳಿಗೆ ಕೇಳಿಸಿತ್ತು. “ಅಯ್ಯ, ಏನ್ ಕೇಳ್ತೀರಿ ಸಾಹೇಬ್ರ! ನಮ್ಮೂರಾಗ ಡ್ರೈವರು ರಾಜನಂಗ ಮಲಗ್ತಾನ. ಹೊರಸು ಐತಿ, ಒಗದ ಕೌದಿ ಐತಿ, ಬಿಸಿ ರೊಟ್ಟಿ ಐತಿ. ನಿಮ್ಮ ಬೆಂಗಳೂರಾಗ ನಿಮಗೂ ಇಂಥಾ ನಿದ್ದಿ ಬರಂಗಿಲ್ಲ. ಒಂದಿನ ಬಂದು ಮಲಗಿ ನೋಡ್ರಿ ಬೇಕಾದ್ರ!”

ಹಾಲ್ ತುಂಬ ನಗು. ಅಧ್ಯಕ್ಷರೂ ನಕ್ಕರು. ನಮ್ಮೂರವರೆಲ್ಲ ಒಬ್ಬೊಬ್ಬರಾಗಿ ದನಿಗೂಡಿಸಿದರು. ನಮ್ಮ ಮನೆಯ ಪಾಳಿಗೆ ತುಪ್ಪ, ನಮ್ಮ ಮನೆಯ ಪಾಳಿಗೆ ಹೋಳಿಗೆ... ಅಧಿಕಾರಿಯ ಮುಖದ ಬೆವರು ಆರಿತು. ಡ್ರೈವರ್ ಮಾಮ ನಮ್ಮ ಕಡೆ ತಿರುಗಿ ನೋಡಿದರು. ಉಂಡ ಮನೆಗಳೆಲ್ಲ ಎದುರಿಗೇ ಕೂತಿದ್ದವು.

“ಹೌದ್ರಿ ಸರ್. ಊರೋರು ಭಾಳ ಚಲೋ ನೋಡ್ಕೊಂತಾರ” ಎಂದು ಕೂತುಬಿಟ್ಟರು.

ಕೆಲವು ತಿಂಗಳಾದ ಮೇಲೆ ಪೇಪರಿನಲ್ಲಿ ಬಂತು. ಬೇರೆ ಕೆಲವು ಡಿಪೋಗಳಲ್ಲಿ ಡ್ರೈವರ್ ಹುದ್ದೆಗಳನ್ನು ತಕ್ಷಣ ತುಂಬಬೇಕು ಎಂದು ಸಮಿತಿ ಹೇಳಿತ್ತು. ನಮ್ಮ ವಸ್ತಿ ಬಸ್ಸನ್ನು ಮುಂದುವರಿಸಬೇಕು, ಗ್ರಾಮಸ್ಥರ ಸಹಕಾರದಿಂದ ಅಲ್ಲಿನ ವ್ಯವಸ್ಥೆ ತೃಪ್ತಿಕರವಾಗಿದೆ ಎಂದೂ ಹೇಳಿತ್ತು. ದೊಡ್ಡವ್ವ ನನ್ನಿಂದ ಅದನ್ನು ಮತ್ತೆ ಮತ್ತೆ ಓದಿಸಿದಳು. ಅಂದು ಸಂಜೆ ಬಸ್ಸು ಬಂದಾಗ ಊರವರು ಮಂಡಕ್ಕಿ, ಮಿರ್ಚಿ ಹಂಚಿದರು. ಡ್ರೈವರ್ ಮಾಮನೂ ಒಂದು ಮಿರ್ಚಿ ತಿಂದರು. ನಿಮ್ಮ ಇನ್ನೊಬ್ಬ ಡ್ರೈವರ್ ಏನಾದ ಎಂದು ಕೇಳಿದೆ.

“ನಿಮ್ಮ ಬಸ್ಸು ಉಳೀತಲ್ಲ ಬಿಎ ಮೇಡಂ, ಸಾಕ್ ಬಿಡವ್ವ” ಎಂದರು. ಅವರ ಕಣ್ಣಿನ ಅಂಚು ಕೆಂಪಗಿತ್ತು. ಅದಿರಿನ ಧೂಳು ಇರಬೇಕು ಅಂದುಕೊಂಡೆ.

ಕೊನೆಯ ವರ್ಷದ ಚಳಿಗಾಲ. ಒಂದು ಮುಂಜಾನೆ ನಾವು ಎಂದಿನಂತೆ ಬಸ್ಸು ಹತ್ತಿದೆವು. ಎಂಜಿನ್ ಓಡುತ್ತಿತ್ತು. ಅವರು ಸೀಟಿನಲ್ಲಿ ಕೂತು ಕಿಟಕಿಗೆ ತಲೆ ಆನಿಸಿದ್ದರು. ಕಣ್ಣು ಮುಚ್ಚಿತ್ತು, ಒಂದು ಕೈ ಸ್ಟೀರಿಂಗ್ ಮೇಲಿತ್ತು. ದಿನವೂ ನಾವು ತಡಮಾಡಿದರೆ ಹಾರ್ನ್ ಬಾರಿಸಿ, “ಕಾಲೇಜು ನಿಮ್ಮ ಮನಿಗೆ ಬರಂಗಿಲ್ಲ, ನೀವ ಬರ್ರಿ!” ಎಂದು ಕೂಗುತ್ತಿದ್ದವರು. ಮುಂದಿನ ಸೀಟಿನಲ್ಲಿದ್ದ ಹಾಲಿನ ಕ್ಯಾನಿನ ಮುದುಕ ಎಬ್ಬಿಸಲು ಕೈ ಚಾಚಿದ. ದೊಡ್ಡವ್ವ ಅಂದು ಆಸ್ಪತ್ರೆಗೆಂದು ಹತ್ತಿದ್ದಳು. ಅವನ ಕೈ ಹಿಡಿದಳು.

“ಏ, ಬ್ಯಾಡ. ಪಾಪ, ಕಣ್ಣು ಹತ್ಯಾವ. ಸ್ವಲ್ಪ ಮಲಗ್ಲಿ ಬಿಡು.”

ನಾವೆಲ್ಲ ಸುಮ್ಮನಾದೆವು. ಮಾತಾಡಿದವರನ್ನು ಬೆರಳು ತೋರಿಸಿ ಸುಮ್ಮನಿರಿಸಿದೆವು. ಅಳುವ ಕೂಸಿಗೆ ಅದರ ತಾಯಿ ಮೊಲೆ ಕೊಟ್ಟಳು. ಬೆಳಕು ಹರಿಯುವವರೆಗೆ ಇಡೀ ಬಸ್ಸು ಉಸಿರು ಬಿಗಿಹಿಡಿದು ಕೂತಿತ್ತು. ಅವರ ನಿದ್ದೆಯನ್ನು ನಾವು ಕಾದದ್ದು ಅದೊಂದೇ ಸಲ... ಬಿಸಿಲು ಬಂದು ಮುಖದ ಮೇಲೆ ಬಿದ್ದರೂ ರೆಪ್ಪೆ ಅಲುಗಲಿಲ್ಲ. ದೊಡ್ಡವ್ವ ಮೆಲ್ಲಗೆ ಕೈ ಮುಟ್ಟಿ ನೋಡಿದಳು. ಅವಳ ಬಾಯಿಂದ ಹೊರಟ ಸದ್ದನ್ನು ಇಲ್ಲಿ ಬರೆಯಲಾರೆ.

ನಾವು ಹತ್ತುವ ಮೊದಲೇ ಜೀವ ಹೋಗಿತ್ತು ಎಂದರು ಡಾಕ್ಟರು. ಆ ಮಾತನ್ನು ಹಿಡಿದುಕೊಂಡೇ ನಮ್ಮೂರು ಬದುಕಿದೆ.

ಅವರು ಹೋದ ಮೇಲೆ ಇಬ್ಬರು ಬಂದರು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಹೊಸ ಬ್ಯಾಟರಿಯೂ ಬಂತು. ರಾತ್ರಿ ಬಸ್ಸು ಮೂಕವಾಗಿ ನಿಲ್ಲತೊಡಗಿತು. ಎಂಜಿನ್ ಸದ್ದಿಲ್ಲದೆ ಊರಿಗೆ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ. ದೊಡ್ಡವ್ವ ಸಮಿತಿಯ ಮಾತನ್ನು ಮತ್ತೆ ಎತ್ತಲಿಲ್ಲ. ದಿನಾ ಬೆಳಗ್ಗೆ ಬಸ್ಸಿನ ಹತ್ತಿರ ಹೋಗಿ ಹೊಸ ಡ್ರೈವರನ್ನು “ನಿದ್ದಿ ಬಂತೇನಪ್ಪಾ?” ಎಂದು ಕೇಳುತ್ತಿದ್ದಳು. ಅವನು ಹೂಂ ಎಂದರೂ ನಂಬದೆ, ಅವನ ಕಣ್ಣನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಹುಚ್ಚು ಮುದುಕಿ ಎಂದು ಅವನು ನಗುತ್ತಿದ್ದ. ನಾನು ಅದೇ ಬಸ್ಸಿನಲ್ಲಿ ಹೋಗಿ ಪರೀಕ್ಷೆ ಬರೆದೆ, ಪಾಸಾದೆ.

ಘಟಿಕೋತ್ಸವದ ಪ್ರಮಾಣಪತ್ರ ನನ್ನ ಕೈಗೆ ಬಂದು ಬಹಳ ಕಾಲವಾಗಿದ್ದರೂ ಅದನ್ನು ಎಲ್ಲಿ ಒಯ್ಯಬೇಕೋ ಅಲ್ಲಿ ಒಯ್ದಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕಾಲು ಕಟ್ಟಿದಂತಾದ ಆ ದಿನ ಗಟ್ಟಿ ಮನಸ್ಸು ಮಾಡಿದೆ. ಈ ಭಾನುವಾರ ಕಂಪ್ಲಿಗೆ ಹೋದೆ. ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವರ ಮನೆ. ಹೆಂಡತಿ ಅಂಗಳದಲ್ಲಿ ನುಚ್ಚು ಕೇರುತ್ತಾ ಕೂತಿದ್ದರು. ಯಾವ ಊರಿನವಳು ಎಂದು ಹೇಳಿದ ಕೂಡಲೇ ಮೊರ ಕೆಳಗಿಟ್ಟು, “ಬರ್ರಿ, ಕುಂದ್ರಿ” ಎಂದು ಚಾಪೆ ಹಾಸಿದರು. ನೀವೇನಾ ಬಿಎ ಮೇಡಂ ಎಂದು ಅವರೇ ಕೇಳಿದರು.

ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ. ಇದನ್ನು ಮೊದಲು ತೋರಿಸಬೇಕಾಗಿದ್ದವರು ಇಲ್ಲ, ಎಷ್ಟು ಓದಿದರೂ ಆ ಜಾಗ ತುಂಬುವುದಿಲ್ಲ ಎಂದು ಆ ಹೊತ್ತಿನಲ್ಲಿ ಪೂರ್ತಿ ತಿಳಿಯಿತು. ಅವರು ಕೈಯ ನುಚ್ಚಿನ ಹುಡಿಯನ್ನು ಸೆರಗಿಗೆ ಒರೆಸಿಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಷರ ಬರದಿದ್ದರೂ ಕೊನೆಯ ಸಾಲಿನವರೆಗೆ ಕಣ್ಣಾಡಿಸಿದರು. ಆಮೇಲೆ ತಲೆ ಎತ್ತಿದರು.

“ನಾ ಡಿಪೋಕ್ಕ ಹೋಗಿ ಕೇಳ್ದೆ ತಂಗಿ, ಡ್ಯೂಟಿ ಹೆಚ್ಚಾಗಿ ನನ್ನ ಗಂಡ ಹೋದ ಅಂತ. ‘ಆ ಊರೋರ ಹೇಳ್ಯಾರಮ್ಮ, ಅವ್ನು ಅಲ್ಲಿ ರಾಜನಂಗ ಮಲಗ್ತಿದ್ದ ಅಂತ’ ಅಂದು ಕಳಿಸಿಬಿಟ್ರು. ನೀ ಓದಿದಾಕಿ, ಸುಳ್ಳು ಹೇಳಂಗಿಲ್ಲ. ನಿಮ್ಮೂರಾಗ ಅವ್ರು ಖರೇನ ಮಲಗ್ತಿದ್ರಾ?”