ಇಂಜಿನ್ನಿಗೆ ಹಚ್ಚಿದ ವಿಭೂತಿ

ನನ್ನದು ಸ್ವಲ್ಪ ಅನುಮಾನದ ಬುದ್ಧಿ. ಹಾಲಿನವನು ಅಳೆಯುವಾಗ ಪಾವಿನ ತಳ ಬಗ್ಗಿ ನೋಡುವವನು ನಾನು. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ವಾಪಸು ಬಂದು ಎಳೆದು ನೋಡುತ್ತೇನೆ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ, ನಾನು ಜಾಗ್ರತೆ ಎನ್ನುತ್ತೇನೆ. ಈ ಬುದ್ಧಿ ಕಟ್ಟಿಕೊಂಡೇ ಐವತ್ತರ ದಶಕದಲ್ಲಿ, ಮದುವೆಯಾದ ಹೊಸದರಲ್ಲಿ, ಹುಣಸೂರಿನ ಸುತ್ತಮುತ್ತ ಓಡಾಡುತ್ತಿದ್ದ ಒಂದು ಔಷಧದ ಗಾಡಿಗೆ ಕಾಂಪೌಂಡರಾಗಿ ಸೇರಿದೆ.

ಗಾಡಿ ಎಂದರೆ ಒಂದು ಹಳೆಯ ಬಸ್ಸು. ಎಷ್ಟೋ ವರ್ಷ ಜನರನ್ನು ಹೊತ್ತು ಸುಸ್ತಾಗಿದ್ದ ಅದನ್ನು ಮೈಸೂರಿನ ಒಂದು ಧರ್ಮಸಂಸ್ಥೆಯವರು ಕೊಂಡು, ಸೀಟುಗಳನ್ನು ಕಿತ್ತು, ಮೂರು ಮಂಚ, ಒಂದು ಔಷಧದ ಬೀರು, ಒಂದು ಸೀಮೆಎಣ್ಣೆ ಸ್ಟೌ ಇಟ್ಟಿದ್ದರು. ಡಾಕ್ಟರು, ಡ್ರೈವರು ಮತ್ತು ನಾನು ವಾರದಲ್ಲಿ ಆರು ದಿನ ಅದರೊಳಗೇ ಸಂಸಾರ ಮಾಡುತ್ತಿದ್ದೆವು. ಅಡುಗೆ ಅಲ್ಲೇ, ನಿದ್ದೆ ಅಲ್ಲೇ, ಸ್ನಾನಕ್ಕೆ ಯಾವುದಾದರೂ ಕೆರೆ. ಇಂಜಿನ್ನು ಕೂಡ ನಮ್ಮ ಜೊತೆ ಒಳಗೇ ಇತ್ತು, ಡ್ರೈವರ ಪಕ್ಕದಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ. ಕಾರ್ಬಾಲಿಕ್ ವಾಸನೆ, ಡೀಸೆಲ್ ವಾಸನೆ, ಹುರುಳಿ ಸಾರಿನ ವಾಸನೆ ಮೂರೂ ಸೇರಿ ನಮ್ಮ ಬಟ್ಟೆಗೆ ಅಂಟಿಕೊಂಡಿರುತ್ತಿತ್ತು. ಭಾನುವಾರ ಮನೆಗೆ ಹೋದರೆ ಹೆಂಡತಿ ಬಚ್ಚಲ ಕಡೆಗೇ ಕೈ ತೋರಿಸುತ್ತಿದ್ದಳು.

ನಮ್ಮ ಸುತ್ತು ಹೀಗಿತ್ತು. ಸೋಮವಾರ ಹುಣಸೂರಿನಲ್ಲಿ ಟ್ಯಾಂಕು ತುಂಬಿಸಿ ಬಿಳಿಕೆರೆಗೆ, ಮಂಗಳವಾರ ಕೃಷ್ಣರಾಜನಗರದ ಕಡೆಗೆ, ಆಮೇಲೆ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಶನಿವಾರ ಕೊನೆಗೆ ಕೊಪ್ಪ. ಡೀಸೆಲ್ಲಿಗೆ ಸಂಸ್ಥೆಯವರ ಚೀಟಿ ವಾರಕ್ಕೆ ಒಂದೇ. ಅಷ್ಟರಲ್ಲಿ ಸುತ್ತು ಮುಗಿಯಬೇಕು.

ಡ್ರೈವರಿಗೆ ಐವತ್ತೈದು ದಾಟಿತ್ತು. ಕೃಷ್ಣರಾಜನಗರದ ಕಡೆಯ ಲಿಂಗಾಯತರ ಬೇಸಾಯದ ಮನೆಯವರು. ಆ ಊರಿಗೆ ಆಗಲೂ ಎಡತೊರೆ ಎಂದೇ ಅನ್ನುತ್ತಿದ್ದರು. ನಾನು ಅವರನ್ನು ಯಜಮಾನರೇ ಎಂದು ಕರೆಯುತ್ತಿದ್ದೆ. ಮಾತು ಕಡಿಮೆ. ಬೆಳಿಗ್ಗೆ ಮಿಂದು, ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿದ ಮೇಲೆ ಅವರ ಎರಡನೇ ಪೂಜೆ ಇಂಜಿನ್ನಿಗೆ. ಮುಚ್ಚಳ ಎತ್ತಿ, ಹಳೇ ಪಂಚೆಯ ಚೂರಿನಿಂದ ಅದನ್ನು ತಲೆಯಿಂದ ಕಾಲಿನವರೆಗೆ ಒರೆಸುತ್ತಿದ್ದರು, ಹಬ್ಬದ ದಿನ ಎತ್ತಿನ ಮೈ ತಿಕ್ಕುವ ಹಾಗೆ. ಆಮೇಲೆ ಇಂಜಿನ್ನಿನ ತಲೆಯ ಮೇಲೆ ವಿಭೂತಿಯ ಮೂರು ಗೆರೆ. ಪೂಜೆಯಾಗುವ ತನಕ ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಡೀಸೆಲ್ ಪಕ್ಕ ಬೆಂಕಿಯೇ ಎಂದು ಡಾಕ್ಟರು ಗದರಿದ ಮೇಲೆ ಊದುಬತ್ತಿಯನ್ನು ಮಾತ್ರ ಮೆಟ್ಟಿಲ ಹತ್ತಿರ ಸಿಕ್ಕಿಸತೊಡಗಿದರು.

ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತಿಳಿಯಲು ನಮ್ಮಲ್ಲಿ ಒಂದು ಬಿದಿರು ಕಡ್ಡಿ ಇತ್ತು. ಅದರ ಮೇಲೆ ಚಾಕುವಿನಲ್ಲಿ ಕೊರೆದ ಹತ್ತು ಗೆರೆ. ಮೊದಮೊದಲು ಶನಿವಾರ ಸಂಜೆಗೂ ಮೂರು ಗೆರೆ ಉಳಿದಿರುತ್ತಿತ್ತು. ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಮೂರು ಎರಡಾಯಿತು, ಎರಡು ಒಂದಾಯಿತು. ಆಗಲೇ ಒಂದೆರಡು ಸಲ ಹೊತ್ತು ಹುಟ್ಟುವ ಮೊದಲು ನಾನೇ ಟ್ಯಾಂಕಿನ ಹತ್ತಿರ ಕೂತು ಕಡ್ಡಿ ಇಳಿಸಿ ನೋಡಿದ್ದೆ. ಕೊನೆಗೆ ಒಂದು ಶನಿವಾರ ಕೊಪ್ಪ ಇನ್ನೂ ಎರಡು ಮೈಲಿ ಇರುವಾಗಲೇ ಗಾಡಿ ಕೆಮ್ಮಿ ನಿಂತುಬಿಟ್ಟಿತು. ಡಾಕ್ಟರೂ ನಾನೂ ಔಷಧದ ಪೆಟ್ಟಿಗೆ ಹೊತ್ತು ನಡೆದು ಹೋಗುವ ಹೊತ್ತಿಗೆ ಕಾದಿದ್ದ ಜನರೆಲ್ಲ ಎದ್ದು ಹೋಗಿದ್ದರು. ಜ್ವರದ ಮಗುವನ್ನು ಎತ್ತಿಕೊಂಡು ಒಬ್ಬಳು ತಾಯಿ ಬೆಳಗಿನಿಂದ ಕೂತಿದ್ದು ಈಗ ತಾನೇ ಹೋದಳು ಎಂದು ಅಂಗಡಿಯವನು ಹೇಳಿದಾಗ ಡಾಕ್ಟರ ಮುಖ ಕಪ್ಪಿಟ್ಟಿತು.

ವಾಪಸು ಬಂದವರೇ, ಡೀಸೆಲ್ ಎಲ್ಲಿ ಹೋಗುತ್ತಿದೆ ಎಂದು ಡ್ರೈವರನ್ನು ಕೇಳಿದರು. ಅವರು ಒಂದು ಸಲ ನನ್ನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು.

"ಅಳೇ ಇಂಜಿನ್ನು ಸ್ವಾಮಿ. ಈಗೀಗ ಜಾಸ್ತಿ ಕುಡೀತದೆ" ಅಂದರು.

ಸುಳ್ಳು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಅದೇ ಸೋಮವಾರ ಬಿಳಿಕೆರೆಯಲ್ಲಿ ಇನ್ನೊಬ್ಬ ಡ್ರೈವರ ಮುಂದೆ, ನಮ್ಮ ಇಂಜಿನ್ನು ಹಿಡಿತವಾಗಿ ಉಣ್ಣುವ ಸೊಸೆಯ ಹಾಗೆ ಎಂದು ಇವರೇ ಹೊಗಳಿಕೊಂಡಿದ್ದನ್ನು ನನ್ನ ಕಿವಿ ಕೇಳಿತ್ತು. ಐದು ದಿನದಲ್ಲಿ ಸೊಸೆ ಕೆಟ್ಟಳೇ? ಮತ್ತೆ ಆ ನೋಟ! ಕಳ್ಳನ ನೋಟ ಹೀಗೇ ಇರುತ್ತದೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಆದರೂ ನ್ಯಾಯವಾಗಿ ಹೋಗೋಣ ಎಂದು ಮೊದಲು ಗಾಡಿಯನ್ನೇ ಪರೀಕ್ಷೆ ಮಾಡಿದೆ. ನಿಲ್ಲಿಸಿದ ಕಡೆಯಲ್ಲೆಲ್ಲ ಕೆಳಗೆ ಹಳೇ ಪೇಪರು ಹಾಸಿದೆ. ಬೆಳಿಗ್ಗೆ ತೆಗೆದರೆ ಒಂದು ಹನಿ ಇಲ್ಲ. ಟ್ಯಾಂಕಿನ ಸುತ್ತ ಕೈ ಆಡಿಸಿದೆ, ಒಣ. ಯಜಮಾನರು ಮೀಯಲು ಕೆರೆಗೆ ಹೋದಾಗ, ಹೊತ್ತು ಹುಟ್ಟುವ ಮೊದಲೇ, ಈಗ ದಿನಾ ಕಡ್ಡಿ ಇಳಿಸಿ ಗೆರೆ ನೋಡಿಕೊಂಡೆ. ಟ್ಯಾಂಕಿನ ಮುಚ್ಚಳಕ್ಕೆ ಕಾಣದ ಹಾಗೆ ಒಂದು ಎಳೆ ದಾರ ಸುತ್ತಿದೆ. ದಾರ ಸುತ್ತಿದ ಹಾಗೇ ಇರುತ್ತಿತ್ತು, ಡೀಸೆಲ್ ಮಾತ್ರ ಇಳಿಯುತ್ತಿತ್ತು. ಗಾಡಿ ಸೋರುತ್ತಿಲ್ಲ ಅಂದಮೇಲೆ ಮನುಷ್ಯರೇ ತೆಗೆಯುತ್ತಿರಬೇಕು. ಇದ್ದವರು ಮೂವರು. ಡಾಕ್ಟರಿಗೆ ಟ್ಯಾಂಕು ಯಾವ ಪಕ್ಕದಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ನಾನಂತೂ ತೆಗೆದಿರಲಿಲ್ಲ.

ಮಂಗಳವಾರಗಳ ವಿಷಯ ಬೇರೆ ಇತ್ತು. ಕೃಷ್ಣರಾಜನಗರದ ಕಡೆ ನಾವು ನಿಲ್ಲುತ್ತಿದ್ದುದು ಯಜಮಾನರ ಭಾವಮೈದುನನ ಹೊಲದ ಪಕ್ಕದ ಹೊಂಗೆಮರದ ಕೆಳಗೆ. ಆ ಭಾವಮೈದುನ ಬಾವಿಗೆ ಹೊಸದಾಗಿ ಆಯಿಲ್ ಇಂಜಿನ್ನು ಕೂರಿಸಿದ್ದ. ನಾವು ರೋಗಿಗಳನ್ನು ನೋಡುತ್ತಿದ್ದಷ್ಟು ಹೊತ್ತೂ ಅದು ಆಚೆ ಟುಕು ಟುಕು ಎನ್ನುತ್ತಿತ್ತು. ಯಾರ ಎಣ್ಣೆ ಕುಡಿದು ಇಷ್ಟು ಹುರುಪು ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಕಡ್ಡಿಯೂ ಅದನ್ನೇ ಹೇಳಿತು. ಬೇರೆ ದಿನಗಳಿಗಿಂತ ಮಂಗಳವಾರವೇ ಹೆಚ್ಚು ಇಳಿಯುತ್ತಿತ್ತು. ಆ ಮನೆಯಿಂದ ನಮಗೆ ಗಟ್ಟಿ ಮೊಸರು ಬರುತ್ತಿತ್ತು, ಕಾಲದಲ್ಲಿ ಅವರೆಕಾಯಿ ಬರುತ್ತಿತ್ತು. ಮೊಸರನ್ನು ನಾನು ತಿನ್ನುತ್ತಿದ್ದೆ, ಆದರೆ ಅನುಮಾನದಿಂದ ತಿನ್ನುತ್ತಿದ್ದೆ.

ಒಂದು ದಿನ ಡಾಕ್ಟರು ಒಬ್ಬರೇ ಇದ್ದಾಗ ಇದನ್ನೆಲ್ಲ ಅವರ ಕಿವಿಗೆ ಹಾಕಿದೆ. ಭಾವಮೈದುನ, ಆಯಿಲ್ ಇಂಜಿನ್ನು, ಮಂಗಳವಾರ, ಸೊಸೆಯ ಮಾತು ಒಂದನ್ನೂ ಬಿಡಲಿಲ್ಲ. ಅವರು, ಮುಂದಿನ ಶನಿವಾರವೂ ಡೀಸೆಲ್ ಸಾಲದೆ ಬಂದರೆ ಮೈಸೂರಿಗೆ ಬರೆದು ಬೇರೆ ಡ್ರೈವರನ್ನು ಕೇಳುತ್ತೇನೆ ಎಂದರು. ಆ ವಯಸ್ಸಿನಲ್ಲಿ ಕಳ್ಳ ಎಂಬ ಹೆಸರು ಹೊತ್ತು ಹೋದವರನ್ನು ಇನ್ನು ಯಾರೂ ಸ್ಟಿಯರಿಂಗ್ ಮುಂದೆ ಕೂರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಮಾತನ್ನು ಡಾಕ್ಟರು ನಂಬಿದರಲ್ಲ ಎಂಬ ಸಮಾಧಾನ.

ಇನ್ನು ಕೈಗೆ ಸಾಕ್ಷಿ ಬೇಕು. ಟ್ಯಾಂಕಿನ ದಾರ ಹರಿದಿಲ್ಲ ಎಂದರೆ ಇವರು ಮೇಲಿನಿಂದ ತೆಗೆಯುತ್ತಿಲ್ಲ, ಇಂಜಿನ್ನಿನ ಪೈಪನ್ನೇ ಬಿಚ್ಚಿ ಇಳಿಸಿಕೊಳ್ಳುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ದಿನಾ ಬೆಳಿಗ್ಗೆ ಅಷ್ಟು ಉಜ್ಜಿ ಒರೆಸುವುದು ಸ್ಪ್ಯಾನರಿನ ಗುರುತು ಅಳಿಸಲಿಕ್ಕೇ ಇರಬೇಕು. ಅವರ ಪೂಜೆಯೂ ನನ್ನ ಕಣ್ಣಿಗೆ ಈಗ ನಾಟಕವಾಗಿ ಕಂಡಿತು. ಪೈಪಿನ ನಟ್ಟುಗಳಿಗೆ ಯಾವುದಾದರೂ ಮುದ್ರೆ ಒತ್ತಬೇಕು, ಆದರೆ ಅದನ್ನು ಕಂಡು ಅವರಿಗೆ ಅನುಮಾನ ಬರಬಾರದು. ಆಗ ನನಗೆ ಹೊಳೆದದ್ದು ಅವರ ವಿಭೂತಿ.

ಮಂಗಳವಾರ ಬೆಳಿಗ್ಗೆ ಬಿಳಿಕೆರೆಯಲ್ಲಿ ಅವರು ಪೂಜೆ ಮುಗಿಸಿ ಪಾತ್ರೆ ತೊಳೆಯಲು ಇಳಿದಾಗ, ಅವರ ಪೆಟ್ಟಿಗೆಯಿಂದ ವಿಭೂತಿ ಗಟ್ಟಿ ತೆಗೆದೆ. ನಮ್ಮದು ನಾಮ ಹಾಕುವ ಮನೆ. ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಪ್ರತಿಯೊಂದು ಪೈಪಿಗೆ, ಪ್ರತಿಯೊಂದು ನಟ್ಟಿಗೆ, ಪೈಪು ಬಿಗಿದಿದ್ದ ಪಟ್ಟಿಗಳಿಗೆಲ್ಲ ಬೆಳ್ಳಗೆ ಉಜ್ಜಿದೆ. ಈ ಇಂಜಿನ್ನಿನ ಮೇಲೆ ವಿಭೂತಿ ಇದ್ದರೆ ಯಾರೂ ಯಾಕೆಂದು ಕೇಳುವುದಿಲ್ಲ. ಪೂಜೆಯ ವಿಭೂತಿಯನ್ನು ಅವರು ಮಾರನೆಯ ಬೆಳಗಿನ ತನಕ ಒರೆಸುವವರೂ ಅಲ್ಲ. ಸ್ಪ್ಯಾನರು ಮುಟ್ಟಿದರೆ ಮಾತ್ರ ಬಿಳುಪು ಕಿತ್ತು ಬರುತ್ತದೆ. ಮುಚ್ಚಳ ಮುಚ್ಚುವಾಗ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಕೃಷ್ಣರಾಜನಗರದ ಆ ದಾರಿ ಆಗ ಬರೀ ಹಳ್ಳ ಗುಂಡಿ. ಕುಲುಕಿಸಿಕೊಂಡು ಹೊಂಗೆಮರ ಮುಟ್ಟಿದೆವು. ಡಾಕ್ಟರು ಮರದ ಕೆಳಗೆ ರೋಗಿಗಳನ್ನು ನೋಡಲು ಕೂತರು. ಯಜಮಾನರು ಖಾಲಿ ತಗಡಿನ ಡಬ್ಬ ಹಿಡಿದು ಭಾವಮೈದುನನ ಮನೆಯ ಕಡೆ ಹೊರಟರು. ಖಾಲಿ ಎಂದು ನಾನೇ ಅಂದುಕೊಂಡಿದ್ದೆ, ತುಂಬಿದ್ದರೆ? ಅವರು ಬದು ದಾಟಿದ್ದೇ ತಡ, ಓಡಿಹೋಗಿ ಇಂಜಿನ್ನಿನ ಮುಚ್ಚಳ ಎತ್ತಿದೆ.

ಒಂದು ನಟ್ಟೂ ಅಲುಗಿರಲಿಲ್ಲ. ಬಿಳುಪು ಹಚ್ಚಿದ ಹಾಗೇ ಇತ್ತು. ನನಗೆ ನಿರಾಸೆಯೇ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮುಚ್ಚಳ ಇಳಿಸಬೇಕು, ಅಷ್ಟರಲ್ಲಿ ಒಂದು ಸಣ್ಣ ತಾಮ್ರದ ಪೈಪಿನ ಮೇಲೆ ಕಣ್ಣು ನಿಂತಿತು. ಅದನ್ನು ಇಂಜಿನ್ನಿಗೆ ಬಿಗಿದಿದ್ದ ಪಟ್ಟಿಯ ಅಡಿಯಿಂದ ಒಂದು ಕಪ್ಪು ಗೆರೆ ಹೊರಟು, ವಿಭೂತಿಯನ್ನು ನೆನೆಸಿಕೊಂಡು ಕೆಳಕ್ಕೆ ಇಳಿದಿತ್ತು. ಬೆರಳಿಟ್ಟು ಮೂಸಿದರೆ ಡೀಸೆಲ್.

ಯಜಮಾನರು ಡಬ್ಬದ ತುಂಬ ಮಜ್ಜಿಗೆ ತಂದರು. ನಾನು ಗೆರೆ ತೋರಿಸಿದೆ. ಅವರು ಡಬ್ಬ ಕೆಳಗಿಟ್ಟು ಇಂಜಿನ್ನು ಸ್ಟಾರ್ಟ್ ಮಾಡಿದರು. ಶುರುವಾದ ತಕ್ಷಣ ಪಟ್ಟಿಯ ಅಡಿಯಿಂದ ನೂಲಿನಷ್ಟು ಸಣ್ಣಗೆ ಎಣ್ಣೆ ಚಿಮ್ಮಿ, ಇಂಜಿನ್ನಿನ ಅಡಿಯ ತಗಡಿನ ಮೇಲೆ ಬಿದ್ದು, ಸಂದಿಯಿಂದ ನೆಲಕ್ಕೆ ಇಳಿಯಿತು. ನಿಲ್ಲಿಸಿದರೆ ಅದೂ ನಿಂತಿತು. ನಿಂತ ಗಾಡಿಯ ಕೆಳಗೆ ಪೇಪರು ಹಾಸಿ ಕಾದ ನಾನು ಎಂಥ ಜಾಣ! ಸಂಜೆ ಹೊತ್ತಿಗೆ ಇಂಜಿನ್ನಿಗೆಲ್ಲ ಜಿಡ್ಡು ಧೂಳು ಮೆತ್ತಿರುತ್ತಿತ್ತು, ಅದರಲ್ಲಿ ಇದು ಕಾಣುತ್ತಿರಲಿಲ್ಲ. ಬೆಳಿಗ್ಗೆ ಪೂಜೆಗೆ ಮುಂಚೆ ಎಲ್ಲವೂ ಒರೆಸಿ ಹೋಗುತ್ತಿತ್ತು. ಕುಲುಕುವ ದಾರಿಯಲ್ಲಿ ಬಿರುಕು ಬಾಯಿ ಬಿಡುತ್ತಿದ್ದುದರಿಂದ ಮಂಗಳವಾರ ಹೆಚ್ಚು ಸೋರುತ್ತಿತ್ತು.

"ದಿನಾ ಒರೆಸಿ ಒರೆಸಿ ನಾನೇ ಮುಚ್ಚಾಕ್ಬುಟ್ಟೆ ಕಣ್ರೀ" ಎಂದು ಯಜಮಾನರು ಹಣೆ ಒತ್ತಿಕೊಂಡರು.

ಪಟ್ಟಿ ಬಿಚ್ಚಿದರೆ ಪೈಪಿನಲ್ಲಿ ಕೂದಲೆಳೆಯಂಥ ಬಿರುಕು. ಬಟ್ಟೆ ಒಗೆಯುವ ಸೋಪನ್ನು ಮೆತ್ತಗೆ ನಾದಿ ಅದರೊಳಕ್ಕೆ ತಿಕ್ಕಿದರು. ನಾನು ಬೀರುವಿನಿಂದ ಗಾಯದ ಪಟ್ಟಿ ತಂದುಕೊಟ್ಟೆ, ಅದನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿದರು. ಹುಣಸೂರಿಗೆ ಹೋಗಿ ಬೆಸುಗೆ ಹಾಕಿಸುವ ತನಕ ಇದು ತಡೆಯುತ್ತದೆ ಎಂದರು. ಡಾಕ್ಟರು ಬಂದು ಬಗ್ಗಿ ನೋಡಿ, ಸರಿ, ಇನ್ನು ಬರೆಯುವುದೇನೂ ಬೇಡ ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ರೋಗಿಗಳ ಕಡೆ ಹೋದರು.

ಯಜಮಾನರು ಮೆಟ್ಟಿಲ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಾ, ಪೈಪಿಗೆಲ್ಲ ವಿಭೂತಿ ಹಚ್ಚಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಮುಂದಿನ ಪ್ರಶ್ನೆಗೆ ಏನು ಹೇಳುವುದು ಎಂದು ಹುಡುಕತೊಡಗಿದೆ. ಅವರು ಪ್ರಶ್ನೆ ಕೇಳಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ನಾಮದ ಮನೆಯೋರು ನೀವು. ಈಬೂತಿ ಮುಟ್ಟಿ ಅಷ್ಟಕ್ಕೂ ಹಚ್ಚಿದ್ದೀರಿ ಅಂದ್ರೆ ನಿಮ್ ಮನಸ್ನಾಗೆ ಏನೂ ಇರ್ನಿಲ್ಲ. ನಾನೇ ಕೆಟ್ಟೋನು. ಒತ್ತುಟ್ಟೋಕ್ ಮುಂಚೆ ನೀವು ಟ್ಯಾಂಕಿನ್ ತಾವ ಕುಂತಿದ್ದುದ್ನ ಎರಡು ಕಿತ ಕಂಡಿದ್ದೆ. ನೀವೇ ತೆಗೀತಾವ್ರೆ ಅಂದ್ಕಂಬುಟ್ಟೆ."

ಅವರು ಕೈ ಒರೆಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು.

"ಒಸದಾಗಿ ಮದ್ವೆ ಆಗಿರೋರು, ಕೆಲಸ ಓದ್ರೆ ಆ ಎಣ್ಣುಮಗಳ ಗತಿ ಏನು ಅಂತ ಡಾಕ್ಟ್ರಿಗೆ ಸುಳ್ಳೇಳ್ದೆ, ಇಂಜಿನ್ನು ಕುಡೀತದೆ ಅಂತ. ನಿಮ್ ಮ್ಯಾಲೆ ಅನುಮಾನ ಪಟ್ಟಿದ್ದು ತೆಪ್ಪಾಯ್ತು, ಒಟ್ಟೆಗಾಕ್ಕಳಿ."

ಅವರಿಗೂ ನನ್ನ ಮೇಲೆ ಅನುಮಾನ ಬಂದಿತ್ತು. ಅನುಮಾನ ಬಂದಾಗ ಅವರು ನನ್ನ ಕೆಲಸ ಉಳಿಸಲು ಸುಳ್ಳು ಹೇಳಿದ್ದರು. ನಾನು ಅವರ ಕೆಲಸ ಕಳೆಯಲು ಡಾಕ್ಟರ ಹತ್ತಿರ ಹೋಗಿದ್ದೆ. ಆ ಹೊತ್ತಿನಲ್ಲಿ ಪಟ್ಟ ನಾಚಿಕೆಯನ್ನು ನಾನು ಜೀವಮಾನದಲ್ಲಿ ಇನ್ನೊಮ್ಮೆ ಪಟ್ಟಿಲ್ಲ. ನಿಜ ಹೇಳಿಬಿಡು, ಹೇಳಿಬಿಡು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು.

"ನಿಮ್ಗೆ ನನ್ ಮ್ಯಾಲೆ ಯಾವತ್ತಾದ್ರೂ ಅನುಮಾನ ಬಂದಿತ್ತಾ?" ಎಂದು ಅವರು ಕೇಳಿದರು.

"ಇಲ್ಲ ಯಜಮಾನರೇ" ಅಂದೆ.

ಅವರು ಮೆಟ್ಟಿಲಿನಿಂದ ಎದ್ದು, ತಮಗಿಂತ ಮೂವತ್ತು ವರ್ಷ ಚಿಕ್ಕವನಾದ ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಅವರ ಎರಡೂ ಕೈ ಹಿಡಿದು ಎತ್ತಿ, ಇರಲಿ ಬಿಡಿ, ಮನುಷ್ಯರಾದ ಮೇಲೆ ತಪ್ಪಾಗುತ್ತದೆ ಎಂದು ಹೇಳಿ ಅವರನ್ನು ಕ್ಷಮಿಸಿದೆ.