ಸೊಟ್ಟ ಟಾರ್ಪಾಲು

ನಮ್ಮ ಯಜಮಾನರನ್ನು ಊರೆಲ್ಲ ಹೊಗಳುತ್ತದೆ. "ಎಷ್ಟು ಅಚ್ಚುಕಟ್ಟು ಮಾರಾಯ್ತಿ! ನೀನು ಪುಣ್ಯ ಮಾಡಿದ್ದೆ" ಅನ್ನುತ್ತಾರೆ. ಕೇಳಿದರೆ ನನ್ನ ಮೈ ಉರಿಯುತ್ತದೆ. ಪುಣ್ಯವಂತೆ ಪುಣ್ಯ! ಒಂದು ವಾರ ಈ ಮನೆಯಲ್ಲಿ ಲೋಟ ತೊಳೆದಿಡಲಿ, ಆಮೇಲೆ ಹೇಳಲಿ.

ಬಣಕಲ್ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕೊಯ್ದ ಕಾಫಿಯನ್ನು ಕಣದಲ್ಲಿ ಹರಡಿ ಒಣಗಿಸುತ್ತೇವೆ. ಬಿಸಿಲಲ್ಲಿ ಆಗಾಗ ಕೈಯಾಡಿಸಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು, ಅಷ್ಟೇ ಕೆಲಸ. ಇವರಿಗೆ ಅಷ್ಟೇ ಅಲ್ಲ. ಹರಡಿದ ಸಾಲು ನೂಲು ಹಿಡಿದ ಹಾಗೆ ನೇರ ಇರಬೇಕು. ಟಾರ್ಪಾಲಿನ ಅಂಚು ಕಣದ ಅಂಚಿಗೆ ಸಮ ಇರಬೇಕು, ಮೇಲೆ ಹೇರುವ ಕಲ್ಲುಗಳೂ ಒಂದೇ ಗಾತ್ರದವಾಗಬೇಕು. ಇಲ್ಲದಿದ್ದರೆ ಎಲ್ಲ ತೆಗೆದು ಮತ್ತೆ ಹೊದಿಸಬೇಕು. ವರ್ಷಗಟ್ಟಲೆ ನಮ್ಮಲ್ಲಿ ದುಡಿದ ಹೆಂಗಸೊಬ್ಬಳು ಬಿಟ್ಟುಹೋಗುವಾಗ, "ಆಗಲ್ಲ ಅಮ್ಮಾವ್ರೇ, ದೇವ್ರೇ ಬಂದು ಗುಡಿಸಿದ್ರೂ ಅಯ್ಯೋರಿಗೆ ಕಸ ಕಾಣತ್ತೆ" ಅಂದಳು. ನಾನು ನಕ್ಕೆ. ಅವಳ ಪಾಲಿನ ಕೆಲಸವೂ ನನ್ನ ತಲೆಗೆ ಬಿದ್ದ ಮೇಲೆ ನಗು ನಿಂತಿತು.

ನನ್ನ ಮಟ್ಟಿಗೆ ಎಲ್ಲ ನುಂಗಿಕೊಂಡಿದ್ದೆ. ಮಗಳ ವಿಷಯಕ್ಕೆ ಬಂದಾಗ ಆಗಲಿಲ್ಲ. ಹತ್ತನೇ ಕ್ಲಾಸಿನ ಹುಡುಗಿ. ಕನ್ನಡಿ ಮುಂದೆ ನಿಂತು ಬೈತಲೆ ತೆಗೆಯುತ್ತಾಳೆ, ಕೆಡಿಸುತ್ತಾಳೆ, ಮತ್ತೆ ತೆಗೆಯುತ್ತಾಳೆ. ಬೈತಲೆ ನೆಟ್ಟಗೆ ಬರಲಿಲ್ಲವೆಂದು ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡಳು. ಅಪ್ಪ ಏನಂದರು ಗೊತ್ತೆ? "ಅದ್ರಲ್ಲಿ ತಪ್ಪೇನು? ನೀಟಾಗಿ ಹೋಗ್ಬೇಕು ಅಂತ ತಾನೆ?"

ಅವಳನ್ನು ಚಿಕ್ಕಮಗಳೂರಿನ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಮನೆಯ ಕಥೆಯನ್ನೆಲ್ಲ ಕೇಳಿದರು. "ನಿಮ್ಮ ಯಜಮಾನ್ರನ್ನ ನೋಡ್ದೆ ಇದೇ ಅಂತ ಹೇಳೋಕಾಗಲ್ಲ" ಅನ್ನುತ್ತಲೇ ತಿಳಿಸಿದರು: ಗೀಳು ಕಾಯಿಲೆ ಬೇರೆ, ಗೀಳಿನ ವ್ಯಕ್ತಿತ್ವ ಬೇರೆ. ಕೈ ತೊಳೆದು ತೊಳೆದು ಸುಸ್ತಾಗುವವರಿಗೆ ಇದು ಅತಿಯಾಯಿತು ಎಂದು ಸಾಮಾನ್ಯವಾಗಿ ಗೊತ್ತಿರುತ್ತದೆ, ಸಂಕಟಪಡುತ್ತಾರೆ. ಎರಡನೆಯವರಿಗೆ ತಾವು ಮಾಡುವುದೇ ಸರಿ, ಲೋಕವೇ ಸೊಟ್ಟ. ಕೆಲಸ ಕೆಟ್ಟರೂ ಚಿಂತೆಯಿಲ್ಲ, ತಮ್ಮ ಕ್ರಮ ಕೆಡಬಾರದು. "ಮಗಳು ಇನ್ನೂ ಚಿಕ್ಕೋಳು. ಸೊಟ್ಟ ಇದ್ರೂ ಏನೂ ಆಗಲ್ಲ ಅಂತ ಮನೇಲಿ ಯಾರಾದ್ರೂ ತೋರಿಸ್ಬೇಕು" ಅಂದರು.

ಯಾರಾದರೂ ಅಂದರೆ ಇನ್ಯಾರು, ನಾನೇ! ಮನೆಗೆ ಬಂದು, "ಒಂದ್ಸಲ ನೀವೂ ಬನ್ನಿ" ಅಂದೆ. "ಕೆಲ್ಸ ಸರಿಯಾಗ್ ಮಾಡೋದೂ ರೋಗನಾ? ಹಾಗಾದ್ರೆ ಸೋಮಾರಿಗಳ ಆರೋಗ್ಯ ಭಾರಿ ಚೆನ್ನಾಗಿದೆ ಬಿಡು" ಅಂದರು. ಇವರ ಗೀಳಿಗೊಂದು ಹೆಸರಿದೆ ಅಂತ ಗೊತ್ತಾದರೆ ಕೋಪ ಇಳಿಯುತ್ತದೆ ಅಂದುಕೊಂಡಿದ್ದೆ. ಎಲ್ಲಿ ಇಳಿಯಿತು? ಕಾಯಿಲೆಯಾದರೆ ಆಗಲಿ, ಅದನ್ನು ನನ್ನ ಮಗಳ ತಲೆಗೆ ಕಟ್ಟುವುದಕ್ಕೆ ಇವರಿಗೆ ಹಕ್ಕು ಕೊಟ್ಟವರು ಯಾರು?

ಆ ವಾರವೇ, ಜನವರಿಯಲ್ಲಿ, ಹೇಳದೆ ಕೇಳದೆ ಮಳೆ ಬಂತು. ಒಣಗುತ್ತ ಬಂದಿದ್ದ ಕಾಫಿಯೆಲ್ಲ ಕಣದಲ್ಲಿತ್ತು. ಓಡಿಹೋಗಿ ಹೇಗೋ ಗುಡ್ಡೆ ಮಾಡಿ, ಟಾರ್ಪಾಲು ಎಳೆದು, ಕೈಗೆ ಸಿಕ್ಕ ಕಲ್ಲು ಹೇರಿದೆ. ಮಂಕರಿ ಎತ್ತಿಟ್ಟು ತಿರುಗಿದರೆ ಇವರು ಕಲ್ಲು ತೆಗೆಯುತ್ತಿದ್ದಾರೆ! ಸುರಿಯುವ ಮಳೆಯಲ್ಲಿ ಟಾರ್ಪಾಲು ಎತ್ತಿ ನೇರ ಮಾಡುತ್ತಿದ್ದಾರೆ, ಕೆಳಗೆ ಕಾಫಿ ತೊಯ್ಯುತ್ತಿದೆ. ಇನ್ನೊಂದು ತುದಿ ಹಿಡಿದು ನಿಂತವಳು ನನ್ನ ಮಗಳು.

"ಏಯ್, ಬಿಡೇ ಅದನ್ನ!" ಎಂದು ಕಿರುಚಿದೆ.

"ಅಮ್ಮ, ನೀನ್ ಹಾಕಿದ್ದು ಸೊಟ್ಟ ಇತ್ತು" ಅಂದಳು. ಥೇಟ್ ಅಪ್ಪನದೇ ಧ್ವನಿ.

ಎಲ್ಲಿತ್ತೋ ನನಗೆ ಆ ಬಲ. ಇವರ ಕೈಯಿಂದ ಟಾರ್ಪಾಲು ಕಿತ್ತು, ಅಡ್ಡಾದಿಡ್ಡಿ ಎಳೆದು, ಗುಡ್ಡೆ ಹತ್ತಿ ಕೂತುಬಿಟ್ಟೆ. "ಈಗ ಸರಿ ಮಾಡಿ, ನೋಡೇಬಿಡೋಣ!"

"ತಲೆ ಕೆಟ್ಟಿದೆ ನಿಂಗೆ" ಎಂದು ಬೈದು ಇವರು ಒಳಗೆ ಹೋದರು.

"ಬಾರೇ ಇಲ್ಲಿ" ಎಂದು ಮಗಳನ್ನು ಕರೆದೆ. ಹಿಡಿದ ಅಂಚನ್ನು ಬಿಡಲಾರದೆ ಒದ್ದೆಯಾಗುತ್ತ ನಿಂತಳು. ಕೊನೆಗೆ ಬಿಟ್ಟು, ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈ ಟಾರ್ಪಾಲಿನ ಸುಕ್ಕು ಸರಿಮಾಡಲು ಮೆಲ್ಲಗೆ ಹೋಯಿತು.

ಆ ಕೈ ಹಿಡಿದುಕೊಂಡೆ. ಅವಳು ಎಳೆದುಕೊಳ್ಳಲು ನೋಡಿದಳು, ಅತ್ತಳು. ಮಳೆ ನಿಲ್ಲುವ ತನಕ ನಾನು ಬಿಡಲಿಲ್ಲ.