ಮಣ್ಣು ತೊಳೆದವನು

ಕನ್ನಡಕದಂಗಡಿಯವನು ತೀರಿಕೊಂಡ ಮೇಲೂ ಒಂದಷ್ಟು ದಿನ ಸುದ್ದಿ ತಿಳಿಯದವರು ಕಲ್ಲು ಹಿಡಿದುಕೊಂಡು ಅವನ ಬಾಗಿಲಿಗೆ ಬರುತ್ತಿದ್ದರು. ಮೆತ್ತಿದ ಮಣ್ಣು ಉದುರದಂತೆ ಕಾಗದದಲ್ಲಿ ಸುತ್ತಿ ತರುತ್ತಿದ್ದರು. ತೊಳೆಯದೆ ತರಬೇಕೆಂಬುದು ಅವನದೇ ಕಟ್ಟಪ್ಪಣೆ. ಒಂದು ಕಾಲದಲ್ಲಿ ಧೂಳು ಕಂಡರೆ ಅವನಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು. ಗಿರಾಕಿಯ ಮೂಗಿನ ಮೇಲಿನ ಕನ್ನಡಕವನ್ನು ಕೇಳದೆಯೇ ಕಿತ್ತುಕೊಂಡು ಒರೆಸಿಕೊಡುವ ಆಸಾಮಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಅರೆಯುವ ಯಂತ್ರದ ಪಕ್ಕ, ಅವನ ಇನ್ನೊಂದು ಮೇಜಿತ್ತು. ಅದರ ಮೇಲೆ ಒಡೆದ ಟೈಲ್ಸಿನ ಚೂರು, ಉಕ್ಕಿನ ಮೊಳೆ, ಅಯಸ್ಕಾಂತ, ಆಮ್ಲದ ಸೀಸೆ, ಸತುವಿನ ಮುಚ್ಚಳ. ಗುಡ್ಡಗಳಲ್ಲಿ ಅದಿರು ಹುಡುಕುವವರು ವಿಚಿತ್ರ ಕಲ್ಲು ಸಿಕ್ಕಾಗಲೆಲ್ಲ ಅಲ್ಲಿಗೆ ಬರುತ್ತಿದ್ದರು. ಟೈಲ್ಸಿನ ಒರಟು ಬೆನ್ನಿಗೆ ಕಲ್ಲನ್ನು ಗೀಚಿ, "ಚಿನ್ನ ಆಗಿದ್ರೆ ಗೀಟು ಹಳದಿ ಬರ್ಬೇಕಿತ್ತು. ಕರ್ರಗೆ ಬಂತು. ಹೋಗಿ ಊಟ ಮಾಡಿ ಮಲ್ಕೋ" ಎನ್ನುತ್ತಿದ್ದ.

ಹಾಗೆ ಹುಡುಕುವವರಲ್ಲಿ ಅವನ ಹೆಂಡತಿಯ ತಮ್ಮನೂ ಒಬ್ಬ. ಕಲ್ಲುಗಣಿಯ ಡ್ರಿಲ್ಲಿಂಗ್ ಕೆಲಸ ಬಿಟ್ಟು, ಎಲ್ಲವನ್ನೂ ಗುಡ್ಡದ ಮೇಲೆ ಪಣವಿಟ್ಟವನು. ಒಂದು ಸುಡುಬಿಸಿಲ ಮಧ್ಯಾಹ್ನ ಅವನು ಚೀಲವೊಂದನ್ನು ತಂದು ಧೊಪ್ಪೆಂದು ಇಳಿಸಿದ.

"ಭಾವ, ಬಂದೆ ಇರು. ಮೊದ್ಲು ಅಕ್ಕ ಏನಾದ್ರೂ ಕೊಟ್ರೆ ಹೊಟ್ಟೆಗೆ ಹಾಕ್ಕೋತೀನಿ. ಹೊಟ್ಟೆ ತಾಳ ಹಾಕ್ತಿದೆ."

ಭಾವನ ಕೈ ಸುಮ್ಮನಿರಬೇಕಲ್ಲ! ಚೀಲವನ್ನು ತೊಟ್ಟಿಗೆ ಸುರಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕಲ್ಲನ್ನು ತಿಕ್ಕಿ ತೊಳೆದ. ಕಂದು ಬಣ್ಣದ ಒಂದು ಹರಳು, ಗಾತ್ರಕ್ಕೆ ಮೀರಿದ ಭಾರ, ಅವನ ಕೈಯಲ್ಲೇ ಉಳಿಯಿತು. ಮೊಳೆಯಿಂದ ಗೀರಿದರೂ ಗೆರೆ ಬೀಳಲಿಲ್ಲ. ಗೀಟು ಹೆಚ್ಚುಕಡಿಮೆ ಬಿಳಿ. ಸತುವಿನ ಮುಚ್ಚಳದಲ್ಲಿಟ್ಟು ಆಮ್ಲ ಹನಿಸಿದ. ನೊರೆ ಎದ್ದು ಇಳಿಯುವಷ್ಟರಲ್ಲಿ ಕಲ್ಲು ಬೆಳ್ಳಿಯಂಥ ಅಂಗಿ ತೊಟ್ಟಿತ್ತು.

"ತವರ ಕಣೋ! ತವರದ ಅದಿರು!"

ಭಾವಮೈದ ಬಾಯ್ತುಂಬ ತುತ್ತಿಟ್ಟುಕೊಂಡೇ ಓಡಿಬಂದು ಭಾವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಆಮೇಲೆ ತೊಟ್ಟಿ ಕಣ್ಣಿಗೆ ಬಿತ್ತು.

"ಎಲ್ಲಾ ತೊಳೆದುಬಿಟ್ಯಾ?"

"ಹೂಂ. ಯಾಕೆ?"

"ಮೂರು ಹಳ್ಳದ ಕಲ್ಲು ಒಂದೇ ಚೀಲಕ್ಕೆ ಹಾಕಿದ್ದೆ. ಒಂದರಲ್ಲಿ ಕೆಂಪು ಜೇಡಿ, ಒಂದರಲ್ಲಿ ಕಪ್ಪು ಕೆಸರು, ಇನ್ನೊಂದರಲ್ಲಿ ಬಿಳೀ ಮಣ್ಣು. ಕಲ್ಲಿಗಂಟಿದ ಮಣ್ಣೇ ಗುರುತು ಅಂದ್ಕೊಂಡಿದ್ದೆ ಭಾವ."

ತೊಟ್ಟಿಯ ನೀರು ಯಾವ ಬಣ್ಣವೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಕೊನೆಗೆ ಭಾವಮೈದನೇ ನಕ್ಕ. "ಭಲೇ ತೊಳೆಯಪ್ಪ!" ಅಂದಿನಿಂದ ಅದೇ ಹೆಸರು ನಿಂತಿತು.

ಗಣಿ ಕಚೇರಿಯವರು ಕಲ್ಲನ್ನು ಒಪ್ಪಿದರು, ಆದರೆ ಸಿಕ್ಕಿದ ಜಾಗ ತೋರಿಸದೆ ಪರವಾನಗಿ ಕೊಡಲಾಗದು ಎಂದರು. ಭಾವಮೈದ ಮತ್ತೆ ಹಳ್ಳಗಳಿಗೆ ಇಳಿದ. ಅಷ್ಟರಲ್ಲಿ ಮಳೆಗಾಲದ ನೀರು ದಂಡೆಗಳನ್ನು ತಿರುವಿಹಾಕಿತ್ತು. ಒಂದು ವರ್ಷ ಹುಡುಕಿದ, ಮತ್ತೊಂದು ವರ್ಷ ಹುಡುಕಿದ, ಆಮೇಲೆ ಅದೇ ಅವನ ಬದುಕಾಯಿತು. ಅಂಗಡಿಗೆ ರಜೆ ಇದ್ದಾಗಲೆಲ್ಲ ಭಾವನೂ ಬೆನ್ನು ಹತ್ತುತ್ತಿದ್ದ. "ನೀನು ಮನೇಲೇ ಇರು ಮಾರಾಯ, ಹಳ್ಳಾನೂ ತೊಳೆದುಬಿಟ್ಟೀಯ" ಎಂದು ಅವನು ನಗಿಸುತ್ತಿದ್ದ.

ಒಂದು ದಿನವೂ ಬೈಯಲಿಲ್ಲ. ಕನ್ನಡಕದಂಗಡಿಯವನನ್ನು ಒಳಗೊಳಗೇ ಕೊರೆದದ್ದು ಅದೇ. "ಒಂದ್ಸಲ ಉಗಿದಿದ್ರೆ ಬದುಕ್ಕೋತಿದ್ದೆ" ಎಂದು ಸ್ನೇಹಿತರ ಮುಂದೆ ಹೇಳುತ್ತಿದ್ದ. ಅವರು ನಕ್ಕು ಮಾತು ಮರೆಸುತ್ತಿದ್ದರು.

ಮೊದಲು ಭಾವಮೈದನ ಮಂಡಿ ಸೋತಿತು, ಆಮೇಲೆ ಎದೆ. ಆಸ್ಪತ್ರೆಯ ಹಾಸಿಗೆಯ ಪಕ್ಕ ಭಾವ ತಲೆ ತಗ್ಗಿಸಿ ಕೂತಿದ್ದ.

"ನಾನು ಅವತ್ತು ಕೈ ಕಟ್ಟಿ ಕೂತಿದ್ರೆ..."

"ಅಯ್ಯೋ, ದಾರೀಲಿ ಮಳೆ ಬಂದಿದ್ರೆ ಅದೇ ತೊಳೀತಿತ್ತು. ಬಿಡು ಭಾವ."

ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ಆ ಮಧ್ಯಾಹ್ನ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲವೆಂಬುದು ಭಾವನಿಗೆ ಗೊತ್ತಿತ್ತು.

ತಮ್ಮ ಹೋದ ಮೇಲೆ ಅಕ್ಕ ಅವನ ಬೂಟುಗಳನ್ನು ಬಚ್ಚಲಿಗೆ ಒಯ್ದಳು. "ಯಾರಿಗಾದ್ರೂ ಆಗುತ್ತೆ, ತೊಳೆದಿಡ್ತೀನಿ."

"ಮುಟ್ಟಬೇಡ!" ಗಂಡ ಹಾಗೆ ಕಿರುಚಿದ್ದನ್ನು ಅವಳು ಅದೇ ಮೊದಲು ಕೇಳಿದ್ದು.

ಅಟ್ಟೆಯ ಗೀರುಗಳಲ್ಲಿ ಕೂತ ಮಣ್ಣನ್ನು ಅವನು ಭೂತಗನ್ನಡಿ ಹಿಡಿದು ನೋಡಿದ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಬಿಳಿ, ಮತ್ತೆ ಕೆಂಪು. ಯಾವ ಹಳ್ಳವೆಂದು ಅದು ಹೇಳಲಿಲ್ಲ. ಎಲ್ಲವನ್ನೂ ನಡೆದಿದ್ದಾನೆ ಎಂದಷ್ಟೇ ಹೇಳಿತು. ಬೂಟುಗಳನ್ನು ಮೇಜಿನ ಮೇಲಿಟ್ಟು ಬ್ರಷ್ಷನ್ನು ಬಿಸಾಡಿದ. ಅಂದಿನಿಂದ ಯಾರು ಕಲ್ಲು ತಂದರೂ "ಎಲ್ಲಿ ಸಿಕ್ತು?" ಎಂದು ಕೇಳಿ, ಚೀಟಿ ಬರೆದು ಅಂಟಿಸದೆ ಬೆರಳು ಸಹ ತಾಗಿಸುತ್ತಿರಲಿಲ್ಲ.

ಈಗ ಅವನೂ ಇಲ್ಲ. ಮೊನ್ನೆ ಅವಳು ಒದ್ದೆ ಬಟ್ಟೆ ಹಿಡಿದು ಆ ಕೋಣೆಗೆ ಹೋದಳು. ಸೀಸೆ ಒರೆಸಿದಳು, ಟೈಲ್ಸಿನ ಚೂರು ಒರೆಸಿದಳು, ಮೇಜನ್ನೆಲ್ಲ ಒರೆಸುತ್ತ ಬಂದಳು. ಬೂಟುಗಳ ಹತ್ತಿರ ಕೈ ನಿಧಾನವಾಯಿತು. ಉದುರಿದ ಮಣ್ಣು ಕದಲದಂತೆ ಸುತ್ತಲೂ ಒರೆಸಿ, ಬಟ್ಟೆ ಹಿಂಡಿಕೊಂಡು ಹೊರಗೆ ಬಂದಳು.